ಮಧ್ಯಯುಗದ ಯೂರೋಪಿನ ಫಲಕಕವಚಗಳು: ಪ್ರಾದೇಶಿಕ ಶೈಲಿಗಳ ಸ್ವರೂಪ ಮತ್ತು ಅರ್ಥ

೧

ಕ್ರಿ. ಶ. ೧೩೯೮ರ ಸೆಪ್ಟೆಂಬರ್ ೧೬ರಂದು ಇಂಗ್ಲೆಂಡಿನ ಕಾವೆಂಟ್ರಿ ಪಟ್ಟಣದಲ್ಲಿ ಇಬ್ಬರು ಮಹಾಸಾಮಂತರ ನಡುವೆ ದ್ವಂದ್ವಯುದ್ಧವೊಂದು ಗೊತ್ತಾಗಿದ್ದಿತು. ಒಬ್ಬನು ಮರುವರ್ಷವೇ ನಾಲ್ಕನೆಯ ಹೆನ್ರಿ ಎಂಬ ಹೆಸರಿನಿಂದ ಸಿಂಹಾಸನವನ್ನೇರಿದ ಹೆನ್ರಿ ಬಾಲಿಂಗ್‌ಬ್ರೋಕ್. ಇನ್ನೊಬ್ಬನು ನಾರ್ಫೋಕ್‌ನ ಡ್ಯೂಕ್ ಥಾಮಸ್ ಮೌಬ್ರೆ. ಸಮಕಾಲೀನ ಇತಿಹಾಸಕಾರನಾದ ಫ್ರಾಯ್ಸಾರ್ ಹೇಳುವಂತೆ, ಈ ಯುದ್ಧಕ್ಕೆ ಬೇಕಾದ ಕವಚಕ್ಕಾಗಿ ಹೆನ್ರಿಯು ತನ್ನ ದೂತರನ್ನು ಮಿಲನ್ನಿನ ಡ್ಯೂಕ್ ಜಾನ್ ಗಲೆಯಾಟ್ಸೊ ವಿಸ್ಕೊಂತಿಯ ಬಳಿಗೆ ಕಳುಹಿಸಿದನು. ಡ್ಯೂಕನು ತನ್ನಲ್ಲಿದ್ದ ಕವಚಗಳನ್ನೆಲ್ಲ ತೋರಿಸಿ, ಬೇಕಾದುದನ್ನು ಆರಿಸಿಕೊಳ್ಳುವಂತೆ ಹೇಳಿದುದಲ್ಲದೆ, ಲಂಬಾರ್ಡಿಯ ನಾಲ್ವರು ಶ್ರೇಷ್ಠ ಕವಚಕಾರರನ್ನೂ ಇಂಗ್ಲೆಂಡಿಗೆ ಕಳುಹಿಸಿಕೊಟ್ಟನು. ಮೌಬ್ರೆಯಾದರೋ ತನ್ನ ಸಲಕರಣೆಯನ್ನು ಜರ್ಮನಿಯಿಂದ ತರಿಸಿಕೊಂಡನು. ಯುದ್ಧವು ಮಾತ್ರ ನಡೆಯಲಿಲ್ಲ. ದೊರೆ ಎರಡನೆಯ ರಿಚರ್ಡನು ಕಣದಲ್ಲಿಯೇ ಅದನ್ನು ತಡೆದು ಇಬ್ಬರನ್ನೂ ದೇಶಭ್ರಷ್ಟರನ್ನಾಗಿ ಮಾಡಿದನು.

ಇಂಗ್ಲಿಷ್ ದೊರೆಯ ಸಮ್ಮುಖದಲ್ಲಿ ಇಬ್ಬರು ಇಂಗ್ಲಿಷ್ ಸಾಮಂತರು ಸೆಣಸಬೇಕಾಗಿದ್ದ ಕಣದಲ್ಲಿ ಒಬ್ಬನಿಗೆ ಇಟಲಿಯ ಕವಚ, ಇನ್ನೊಬ್ಬನಿಗೆ ಜರ್ಮನಿಯ ಕವಚ. ಈ ಪ್ರಸಂಗವು ಎರಡು ಸಂಗತಿಗಳನ್ನು ಒಮ್ಮೆಗೇ ತಿಳಿಸುತ್ತದೆ. ಹದಿನಾಲ್ಕನೆಯ ಶತಮಾನದ ಕೊನೆಯ ವೇಳೆಗೆ ಕವಚ ನಿರ್ಮಾಣದ ಎರಡು ಪ್ರಮುಖ ನೆಲೆಗಳು ಯೂರೋಪಿನಾದ್ಯಂತ ಹೆಸರಾಗಿದ್ದುವು ಎಂಬುದು ಒಂದು. ಕವಚವು ಹುಟ್ಟಿದ ನಾಡಿಗೂ ಅದನ್ನು ತೊಟ್ಟವನ ನಾಡಿಗೂ ಅಗತ್ಯವಾದ ಸಂಬಂಧವೇನೂ ಇರಲಿಲ್ಲವೆಂಬುದು ಇನ್ನೊಂದು. ಮೊದಲನೆಯದನ್ನು ಎಲ್ಲ ಪಠ್ಯಗ್ರಂಥಗಳೂ ಹೇಳುತ್ತವೆ. ಎರಡನೆಯದನ್ನು ಅನೇಕ ವೇಳೆ ಮರೆಯುತ್ತವೆ. 'ಇಟಲಿಯ ಶೈಲಿ', 'ಜರ್ಮನಿಯ ಶೈಲಿ' ಎಂಬ ಹೆಸರುಗಳಿಂದ ಇತಿಹಾಸದ ವಿದ್ಯಾರ್ಥಿಯು ಏನನ್ನು ತಿಳಿಯಬಹುದು, ಏನನ್ನು ತಿಳಿಯಬಾರದು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಪರಿಭಾಷೆಯ ವಿಷಯವಾಗಿ ಒಂದು ಮಾತು. ನಮ್ಮ ಹಳೆಯ ಕಾವ್ಯಗಳ ಯುದ್ಧವರ್ಣನೆಗಳಲ್ಲಿ ಕವಚಕ್ಕೆ ಜೋಡು ಎಂದೂ ಶಿರಸ್ತ್ರಾಣಕ್ಕೆ ಸೀಸಕವೆಂದೂ ಪ್ರಯೋಗಗಳುಂಟು. ಇಲ್ಲಿ, ಕಬ್ಬಿಣದ ಉಂಗುರಗಳನ್ನು ಒಂದರೊಳಗೊಂದು ಹೆಣೆದು ಮಾಡಿದ ಅಂಗಿಯನ್ನು ಸರಪಣಿ ಕವಚವೆಂದೂ, ದೇಹದ ಒಂದೊಂದು ಅಂಗಕ್ಕೂ ಹೊಂದುವಂತೆ ಬಡಿದು ರೂಪಿಸಿದ ಉಕ್ಕಿನ ತಗಡುಗಳಿಂದ ಕೂಡಿದುದನ್ನು ಫಲಕಕವಚವೆಂದೂ ಕರೆದಿದೆ.

೨

ಹನ್ನೆರಡನೆಯ ಶತಮಾನದವರೆಗೂ ಪಶ್ಚಿಮ ಯೂರೋಪಿನ ಯೋಧನ ಮುಖ್ಯ ರಕ್ಷಣೆ ಸರಪಣಿ ಕವಚವೇ ಆಗಿದ್ದಿತು. ಅದು ಕತ್ತಿಯ ಅಲಗನ್ನು ತಡೆಯಬಲ್ಲುದಾಗಿತ್ತು. ಆದರೆ ಬಲವಾದ ಹೊಡೆತದ ಆಘಾತವನ್ನಾಗಲಿ, ಮೊನಚಾದ ಭರ್ಜಿಯ ಅಥವಾ ಬಾಣದ ತಿವಿತವನ್ನಾಗಲಿ ಪೂರ್ಣವಾಗಿ ತಡೆಯುವ ಶಕ್ತಿ ಅದಕ್ಕಿರಲಿಲ್ಲ. ಈ ಕೊರತೆಯನ್ನು ತುಂಬಲು ಹದಿಮೂರನೆಯ ಶತಮಾನದಿಂದ ಮೊಣಕಾಲು, ಮೊಳಕೈ, ಎದೆಗಳ ಮೇಲೆ ಗಟ್ಟಿಯಾದ ಫಲಕಗಳನ್ನು ಸೇರಿಸುವ ವಾಡಿಕೆ ಬೆಳೆಯಿತು. ಎದೆಯ ರಕ್ಷಣೆಗೆ ಮೊದಲು ಬಂದುದು ಫಲಕಾಂಗಿ, ಎಂದರೆ ಬಟ್ಟೆಯ ಅಥವಾ ತೊಗಲಿನ ಅಂಗಿಯ ಒಳಮೈಗೆ ಕಬ್ಬಿಣದ ಪಟ್ಟಿಗಳನ್ನು ಮೊಳೆಗಳಿಂದ ಜಡಿದು ಮಾಡಿದ ತೊಡಿಗೆ.

ಇಂತಹ ಫಲಕಾಂಗಿಗಳ ಅತ್ಯಂತ ಪ್ರಸಿದ್ಧ ಅವಶೇಷಗಳು ಬಾಲ್ಟಿಕ್ ಸಮುದ್ರದ ಗಾಟ್ಲೆಂಡ್ ದ್ವೀಪದಲ್ಲಿ ದೊರೆತಿವೆ. ೧೩೬೧ರ ಜುಲೈ ೨೭ರಂದು ಡೆನ್ಮಾರ್ಕಿನ ದೊರೆ ನಾಲ್ಕನೆಯ ವಾಲ್ಡೆಮಾರನ ಸೈನ್ಯವು ವಿಸ್ಬಿ ನಗರದ ಗೋಡೆಯ ಹೊರಗೆ ದ್ವೀಪದ ರೈತರ ಪಡೆಯನ್ನು ಸಂಹರಿಸಿತು. ಸತ್ತವರಲ್ಲಿ ಹಲವರನ್ನು ತೊಟ್ಟ ಕವಚಗಳೊಡನೆಯೇ ಸಾಮೂಹಿಕ ಗುಂಡಿಗಳಲ್ಲಿ ಹೂಳಲಾಯಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ನಡೆದ ಉತ್ಖನನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಫಲಕಾಂಗಿಗಳು ಹೊರಬಂದುವು. ಅವುಗಳಲ್ಲಿ ಫಲಕಗಳ ಸಂಖ್ಯೆ, ಗಾತ್ರ, ಜೋಡಣೆಯ ಕ್ರಮಗಳು ಒಂದರಂತೆ ಒಂದಿಲ್ಲ. ಅಚ್ಚುಕಟ್ಟಾದ ಪ್ರಾದೇಶಿಕ ಶೈಲಿಗಳು ಇನ್ನೂ ನೆಲೆಗೊಳ್ಳದಿದ್ದ, ಪ್ರಯೋಗಗಳ ಕಾಲವದು.

ಆ ಶತಮಾನದ ಕೊನೆಗೆ ಪಟ್ಟಿಗಳು ಕೂಡಿ ದೊಡ್ಡ ಫಲಕಗಳಾದುವು. ಹೊದಿಕೆಯ ಬಟ್ಟೆ ಕಳಚಿತು. ಸುಮಾರು ೧೪೨೦ರ ವೇಳೆಗೆ ತಲೆಯಿಂದ ಕಾಲಿನವರೆಗೆ ಉಕ್ಕಿನಿಂದಲೇ ಮುಚ್ಚುವ, ಹೊಳೆಯುವ ಮೈಯ ಪೂರ್ಣ ಕವಚವು ಸಿದ್ಧವಾಯಿತು. ಇದರ ತೂಕದ ವಿಷಯದಲ್ಲಿ ಸಾಮಾನ್ಯವಾಗಿ ಅತಿಶಯೋಕ್ತಿಗಳು ಪ್ರಚಾರದಲ್ಲಿವೆ. ರಣರಂಗಕ್ಕೆಂದು ಮಾಡಿದ ಪೂರ್ಣ ಕವಚವು ಸಾಮಾನ್ಯವಾಗಿ ೨೦ರಿಂದ ೩೦ ಕಿಲೋಗ್ರಾಂ ತೂಗುತ್ತಿತ್ತು. ಈ ಭಾರವು ಮೈಯೆಲ್ಲ ಹರಡಿಕೊಳ್ಳುತ್ತಿದ್ದುದರಿಂದ ತೊಟ್ಟವನು ನಡೆಯಬಲ್ಲವನಾಗಿದ್ದನು, ಓಡಬಲ್ಲವನಾಗಿದ್ದನು, ಯಾರ ನೆರವೂ ಇಲ್ಲದೆ ಕುದುರೆಯನ್ನೇರಬಲ್ಲವನೂ ಆಗಿದ್ದನು. ಹೀಗೆ ಅಂಗಾಂಗಗಳ ಚಲನೆಗೆ ತಡೆಯಿಲ್ಲದಂತೆ ಉಕ್ಕನ್ನು ರೂಪಿಸುವುದು ಸಾಮಾನ್ಯ ಕಮ್ಮಾರನ ಕೆಲಸವಾಗಿರಲಿಲ್ಲ. ಅದಕ್ಕೆ ವಿಶೇಷ ತರಬೇತಿ, ಒಳ್ಳೆಯ ಉಕ್ಕು, ದೊಡ್ಡ ಬಂಡವಾಳಗಳು ಬೇಕಾಗಿದ್ದುವು. ಆದುದರಿಂದಲೇ ಈ ಕಲೆ ಎಲ್ಲೆಡೆ ಸಮನಾಗಿ ಹರಡದೆ ಕೆಲವೇ ನಗರಗಳಲ್ಲಿ ಕೇಂದ್ರೀಕೃತವಾಯಿತು. ಪ್ರಾದೇಶಿಕ ಶೈಲಿಗಳ ಇತಿಹಾಸವೆಂದರೆ ಮೂಲತಃ ಈ ನಗರಗಳ ಕುಲುಮೆಗಳ ಇತಿಹಾಸ.

೩

ಆ ನಗರಗಳಲ್ಲಿ ಅಗ್ರಸ್ಥಾನ ಮಿಲನ್ನಿಗೆ ಸಲ್ಲುತ್ತದೆ. ೧೨೮೮ರಲ್ಲಿ ತನ್ನ ನಗರದ ಹಿರಿಮೆಯನ್ನು ವರ್ಣಿಸಿ ಲ್ಯಾಟಿನ್ ಗ್ರಂಥವೊಂದನ್ನು ಬರೆದ ಬೊನ್ವೆಸಿನ್ ಎಂಬವನು, ಅಲ್ಲಿ ಕವಚ ಮಾಡುವ ಕಸಬುದಾರರ ಸಂಖ್ಯೆಯೇ ನೂರನ್ನು ಮೀರುತ್ತಿತ್ತೆಂದು ಹೇಳುತ್ತಾನೆ. ಆಲ್ಪ್ಸ್ ಪರ್ವತದ ತಪ್ಪಲಿನ ಕಣಿವೆಗಳಲ್ಲಿ ಕಬ್ಬಿಣದ ಅದಿರು, ಇದ್ದಲಿಗೆ ಬೇಕಾದ ಕಾಡು, ತಿದಿಗಳನ್ನೂ ಸುತ್ತಿಗೆಗಳನ್ನೂ ನಡೆಯಿಸಲು ಹರಿಯುವ ನೀರು, ಇವೆಲ್ಲ ಸಮೀಪದಲ್ಲಿಯೇ ಇದ್ದುವು. ಉತ್ತರ ಇಟಲಿಯ ನಗರರಾಜ್ಯಗಳ ನಡುವಿನ ನಿರಂತರ ಯುದ್ಧಗಳು ಬೇಡಿಕೆಯನ್ನು ಒದಗಿಸಿದುವು. ೧೪೨೭ರಲ್ಲಿ ಮಕ್ಲೋದಿಯೊ ಕದನದಲ್ಲಿ ಮಿಲನ್ನಿನ ಸೈನ್ಯವು ಸೋತು ನಿರಾಯುಧವಾದಾಗ, ನಗರದ ಕವಚಕಾರರು ಕೆಲವೇ ದಿನಗಳಲ್ಲಿ ೪,೦೦೦ ಕುದುರೆ ಸವಾರರಿಗೂ ೨,೦೦೦ ಕಾಲಾಳುಗಳಿಗೂ ಸಲಕರಣೆಗಳನ್ನು ಒದಗಿಸಿದರೆಂದು ಹೇಳಿಕೆಯಿದೆ. ಸಂಖ್ಯೆಗಳಲ್ಲಿ ಹಿಗ್ಗಿಸಿ ಹೇಳಿದ ಅಂಶವಿರಬಹುದಾದರೂ, ಸಿದ್ಧಮಾಡಿದ ಸರಕಿನ ದೊಡ್ಡ ದಾಸ್ತಾನು ಅಲ್ಲಿ ಇದ್ದಿತೆಂಬುದರಲ್ಲಿ ಸಂದೇಹವಿಲ್ಲ. ಕತ್ತಿಗಾರರ ಬೀದಿ, ಕವಚಗಾರರ ಬೀದಿ ಎಂಬ ಅರ್ಥದ ಹೆಸರುಗಳು ಆ ನಗರದ ನಡುಭಾಗದಲ್ಲಿ ಇಂದಿಗೂ ಉಳಿದಿವೆ.

ಹದಿನೈದನೆಯ ಶತಮಾನದ ಮಿಲನ್ನಿನಲ್ಲಿ ಮಿಸ್ಸಾಲ್ಯ ಎಂಬ ಹೆಸರಿನಿಂದ ಖ್ಯಾತವಾದ ನೆಗ್ರೋನಿ ಮನೆತನವು ಈ ಉದ್ಯಮದಲ್ಲಿ ಪ್ರಮುಖವಾಗಿದ್ದಿತು. ತೊಮ್ಮಾಸೊ ಮಿಸ್ಸಾಲ್ಯನಿಗೆ ೧೪೩೫ರಲ್ಲಿ ಡ್ಯೂಕನಿಂದ ನೈಟ್ ಪದವಿಯೇ ದೊರೆಯಿತು. ಇಂತಹ ಮನೆತನಗಳು ಕೇವಲ ಕಸಬಿನವರಾಗಿರದೆ, ದೊಡ್ಡ ಗುತ್ತಿಗೆದಾರರೂ ವರ್ತಕರೂ ಆಗಿದ್ದರು. ಒಬ್ಬನು ಶಿರಸ್ತ್ರಾಣವನ್ನು ಮಾತ್ರ, ಇನ್ನೊಬ್ಬನು ಎದೆಫಲಕವನ್ನು ಮಾತ್ರ, ಮತ್ತೊಬ್ಬನು ಕಾಲಿನ ಭಾಗಗಳನ್ನು ಮಾತ್ರ ಮಾಡುವ ಶ್ರಮವಿಭಜನೆ ಅಲ್ಲಿ ಬೆಳೆದಿದ್ದಿತು. ಒಂದೇ ಕವಚದ ಬೇರೆ ಬೇರೆ ಭಾಗಗಳ ಮೇಲೆ ಬೇರೆ ಬೇರೆ ಕುಶಲಿಗಳ ಮುದ್ರೆಗಳು ಕಾಣಬರುವುದಕ್ಕೆ ಇದೇ ಕಾರಣ.

ಮಿಲನ್ನಿನ ಕವಚದ ಲಕ್ಷಣಗಳನ್ನು ಸ್ಥೂಲವಾಗಿ ಹೀಗೆ ಹೇಳಬಹುದು. ಫಲಕಗಳು ದೊಡ್ಡವು, ದುಂಡಾದುವು, ನುಣುಪಾದುವು. ಆಯುಧದ ಮೊನೆ ತಾಗಿದೊಡನೆ ಜಾರುವಂತೆ ಇವುಗಳ ಬಾಗು ಇರುತ್ತಿತ್ತು. ಎದೆಫಲಕವು ಎರಡು ತುಂಡುಗಳಾಗಿದ್ದು, ಕೆಳಗಿನದು ಮೇಲಿನದರ ಮೇಲೆ ಹೊದ್ದುಕೊಂಡು ತೊಗಲಿನ ಪಟ್ಟಿಯಿಂದ ಬಿಗಿಯಲ್ಪಡುತ್ತಿತ್ತು. ಎಡಬಲಗಳ ಅಸಮಾನತೆಯು ಇನ್ನೂ ಮುಖ್ಯವಾದ ಲಕ್ಷಣ. ಸವಾರನು ಭರ್ಜಿಯನ್ನು ಬಲಗಂಕುಳಲ್ಲಿ ಅವುಚಿಕೊಂಡು, ಅದನ್ನು ಎದೆಫಲಕದ ಬಲಭಾಗದಲ್ಲಿ ಜಡಿದ ಕೊಕ್ಕೆಯಾಕಾರದ ಆಸರೆಯ ಮೇಲೆ ಊರಿ ಮುನ್ನುಗ್ಗುತ್ತಿದ್ದನು. ಅವನ ಎಡಭಾಗವೇ ಶತ್ರುವಿನ ಹೊಡೆತಕ್ಕೆ ಹೆಚ್ಚಾಗಿ ಒಡ್ಡಿಕೊಳ್ಳುತ್ತಿತ್ತು. ಆದುದರಿಂದ ಎಡಭುಜದ ಫಲಕವು ಅಗಲವಾಗಿಯೂ ಎಡಮೊಳಕೈಗೆ ಹೆಚ್ಚಿನದೊಂದು ಕಾಪಿನಿಂದ ಕೂಡಿಯೂ ಇರುತ್ತಿತ್ತು. ಬಲಭುಜದ ಫಲಕವನ್ನು ಭರ್ಜಿಗೆ ಎಡೆಯಾಗುವಂತೆ ಕತ್ತರಿಸಿರುತ್ತಿದ್ದರು. ಈ ಎಡಭಾಗವು ಗುರಾಣಿಯ ಕೆಲಸವನ್ನು ಮಾಡಿದುದರಿಂದ ಸವಾರನಿಗೆ ಬೇರೆ ಗುರಾಣಿಯ ಅಗತ್ಯವು ಉಳಿಯಲಿಲ್ಲ. ತಲೆಗೆ ಆರ್ಮೆಟ್ ಎಂಬ ಶಿರಸ್ತ್ರಾಣ ಸಾಮಾನ್ಯವಾಗಿದ್ದಿತು. ಇದರ ಕೆನ್ನೆಭಾಗಗಳು ಕೀಲುಗಳ ಮೇಲೆ ತೆರೆದು, ಗದ್ದದ ಬಳಿ ಕೂಡಿಕೊಂಡು ತಲೆಯನ್ನು ಸಂಪೂರ್ಣವಾಗಿ ಆವರಿಸುತ್ತಿದ್ದುವು.

೪

ಆಲ್ಪ್ಸ್‌ನ ಉತ್ತರಕ್ಕೆ ದಕ್ಷಿಣ ಜರ್ಮನಿಯ ನಗರಗಳಾದ ಆಗ್ಸ್‌ಬರ್ಗ್, ನ್ಯೂರೆಂಬರ್ಗ್, ಲ್ಯಾಂಡ್ಸ್‌ಹೂಟ್ ಮತ್ತು ತಿರೋಲ್ ಪ್ರಾಂತದ ಇನ್ಸ್‌ಬ್ರುಕ್ ಮುಖ್ಯ ಕೇಂದ್ರಗಳಾಗಿದ್ದುವು. ಹದಿನೈದನೆಯ ಶತಮಾನದ ಮೊದಲರ್ಧದಲ್ಲಿ ಇಲ್ಲಿಯ ಎದೆಫಲಕವು ಕೆಳಗೆ ಪೆಟ್ಟಿಗೆಯಂತೆ ಕೋನವಾಗಿ ಮುಂಚಾಚಿದ ವಿಚಿತ್ರ ರೂಪವನ್ನು ತಾಳಿತ್ತು. ಬಾಸೆಲ್ ನಗರದಲ್ಲಿ ಸುಮಾರು ೧೪೩೫ರಲ್ಲಿ ಕೊನ್ರಾಡ್ ವಿಟ್ಸ್ ಬರೆದ ಚಿತ್ರಫಲಕಗಳ ವೀರರಲ್ಲಿ ಈ ಆಕಾರವನ್ನು ಸ್ಪಷ್ಟವಾಗಿ ನೋಡಬಹುದು. ಶತಮಾನದ ಉತ್ತರಾರ್ಧದಲ್ಲಿ ಇದು ಮರೆಯಾಗಿ, ಇಂದು 'ಗಾಥಿಕ್' ಎಂದು ಹೆಸರಾದ ಶೈಲಿಯು ಪರಿಪಕ್ವವಾಯಿತು.

ಇಲ್ಲಿ ದೇಹದ ರೇಖೆ ನೀಳವಾದುದು, ನಡು ಸಣ್ಣದು. ಫಲಕಗಳ ಮೇಲೆ ಬೀಸಣಿಗೆಯಂತೆ ಹರಡುವ ಏಣುಗೆರೆಗಳು; ಅಂಚುಗಳಲ್ಲಿ ಎಲೆಯ ತುದಿಯಂತಹ ಮೊನೆಗಳು; ಕೆಲವು ವೇಳೆ ರಂಧ್ರ ಕೊರೆದ ಹಿತ್ತಾಳೆಯ ಪಟ್ಟಿಗಳ ಅಲಂಕಾರ. ಭುಜದ ಫಲಕಗಳು ಚಿಕ್ಕವಾಗಿದ್ದು ಎಡಬಲಗಳು ಬಹುಮಟ್ಟಿಗೆ ಸಮಾನವಾಗಿರುತ್ತಿದ್ದುವು. ಕಂಕುಳ ಮುಂದೆ ದುಂಡಾದ ಬಿಲ್ಲೆಗಳು ತೂಗುತ್ತಿದ್ದುವು. ಮೊಳಕೈಯ ಕಾಪನ್ನು ಒಳಗಿನ ದಪ್ಪ ಅಂಗಿಗೆ ಲಾಡಿಗಳಿಂದ ಕಟ್ಟುತ್ತಿದ್ದರು. ಹಿಂದಕ್ಕೆ ಬಾಲದಂತೆ ಚಾಚಿದ ಸ್ಯಾಲೆಟ್ ಎಂಬ ಶಿರಸ್ತ್ರಾಣವೂ, ಅದರ ಕೆಳಗೆ ಗದ್ದ ಮತ್ತು ಕತ್ತುಗಳನ್ನು ಮುಚ್ಚುವ ಪ್ರತ್ಯೇಕ ಫಲಕವೂ, ಮುಂದೆ ಉದ್ದವಾಗಿ ಚೂಪಾದ ಉಕ್ಕಿನ ಪಾದತ್ರಾಣಗಳೂ ಈ ಶೈಲಿಯ ಪ್ರಸಿದ್ಧ ಅಂಗಗಳು. ಆಗ್ಸ್‌ಬರ್ಗ್‌ನ ಲೊರೆನ್ಸ್ ಹೆಲ್ಮ್‌ಶ್ಮಿಡ್ ೧೪೮೫ರ ಸುಮಾರಿನಲ್ಲಿ ತಿರೋಲಿನ ಆರ್ಚ್‌ಡ್ಯೂಕ್ ಸಿಗ್ಮಂಡನಿಗಾಗಿ ಮಾಡಿದ, ಈಗ ವಿಯೆನ್ನಾದಲ್ಲಿರುವ ಕವಚವು ಇದರ ಅತ್ಯುತ್ತಮ ನಿದರ್ಶನ.

ಏಣುಗೆರೆಗಳು ಬರಿಯ ಅಲಂಕಾರವಲ್ಲ. ತೆಳುವಾದ ತಗಡನ್ನು ಮಡಿಕೆಗಳಾಗಿ ಬಡಿದಾಗ, ತೂಕ ಹೆಚ್ಚದೆಯೇ ಅದು ಬಾಗದಂತೆ ಬಿಗಿಯಾಗುತ್ತದೆ. ಆದರೆ ಉಪಯುಕ್ತತೆಯೊಂದರಿಂದಲೇ ಈ ರೂಪವನ್ನು ವಿವರಿಸಲಾಗದು. ಸಣ್ಣ ನಡು, ಚೂಪಾದ ಪಾದರಕ್ಷೆಗಳು ಆ ಕಾಲದ ಶ್ರೀಮಂತರ ಉಡುಪಿನಲ್ಲಿಯೂ ಇದ್ದುವು. ಕವಚಕಾರನು ಯೋಧನಿಗೆ ರಕ್ಷಣೆಯನ್ನು ಒದಗಿಸುವಂತೆ, ಗೃಹಸ್ಥನಿಗೆ ಒಪ್ಪುವ ವೇಷವನ್ನೂ ಒದಗಿಸಬೇಕಾಗಿದ್ದಿತು.

ನಿರ್ಮಾಣದ ಆಡಳಿತದಲ್ಲಿಯೂ ನಗರದಿಂದ ನಗರಕ್ಕೆ ಭೇದವಿದ್ದಿತು. ನ್ಯೂರೆಂಬರ್ಗ್‌ನಲ್ಲಿ ಸ್ವತಂತ್ರ ಶ್ರೇಣಿಗಳಿಗೆ ಅವಕಾಶವಿರದೆ ನಗರಸಭೆಯೇ ಕಸಬುಗಳನ್ನು ನಿಯಂತ್ರಿಸಿ, ಸರಕನ್ನು ಪರೀಕ್ಷಿಸುವ ಏರ್ಪಾಡು ಮಾಡಿದ್ದಿತು. ಆಗ್ಸ್‌ಬರ್ಗ್‌ನ ಕವಚಗಳ ಮೇಲೆ ಆ ನಗರದ ಲಾಂಛನವಾದ ಪೈನ್ ಮರದ ಕಾಯಿಯ ಮುದ್ರೆ ಕಾಣುತ್ತದೆ. ಇನ್ಸ್‌ಬ್ರುಕ್‌ನಲ್ಲಿ ಚಕ್ರವರ್ತಿ ಮೊದಲನೆಯ ಮ್ಯಾಕ್ಸಿಮಿಲಿಯನನು ೧೫೦೪ರಲ್ಲಿ ಕೊನ್ರಾಡ್ ಸೊಯ್ಸೆನ್‌ಹೋಫರ್‌ನ ನೇತೃತ್ವದಲ್ಲಿ ಆಸ್ಥಾನದ ಕಾರ್ಯಾಗಾರವನ್ನೇ ಸ್ಥಾಪಿಸಿದನು. ಸಾಮಾನ್ಯ ಸೈನಿಕನಿಗೆ ಸಗಟಾಗಿ ಮಾಡುವ ನಗರ, ರಾಜರಿಗೆ ಅಳತೆ ತೆಗೆದು ಮಾಡುವ ನಗರ, ಆಸ್ಥಾನದ ಕಾರ್ಯಾಗಾರ, ಇವೆಲ್ಲವನ್ನೂ 'ಜರ್ಮನಿ' ಎಂಬ ಒಂದೇ ಹೆಸರಿನಲ್ಲಿ ಅಡಗಿಸುವುದು ಸೌಕರ್ಯಕ್ಕಾಗಿಯೇ ಹೊರತು ನಿಖರತೆಗಾಗಿ ಅಲ್ಲ.

ಉಕ್ಕಿನ ಪರೀಕ್ಷೆಯಿಂದಲೂ ಇದೇ ಮಾತು ಸಿದ್ಧವಾಗಿದೆ. ಅಲನ್ ವಿಲಿಯಮ್ಸ್ ಎಂಬ ವಿದ್ವಾಂಸನು ನೂರಾರು ಕವಚಗಳ ಲೋಹವನ್ನು ಸೂಕ್ಷ್ಮದರ್ಶಕದಿಂದ ಪರೀಕ್ಷಿಸಿ ೨೦೦೩ರಲ್ಲಿ ತನ್ನ ನಿರ್ಣಯಗಳನ್ನು ಪ್ರಕಟಿಸಿದನು. ಹದಿನೈದನೆಯ ಶತಮಾನದ ಮಿಲನ್ನಿನ ಉತ್ತಮ ಕವಚಗಳಲ್ಲಿ ಅನೇಕವು ಉಕ್ಕಿನವಾಗಿದ್ದು, ಕಾಯಿಸಿ ತಣಿಸುವ ಮೂಲಕ ಗಡುಸುಗೊಳಿಸಿದುವಾಗಿವೆ. ಹದಿನಾರನೆಯ ಶತಮಾನದಲ್ಲಿ ಇಟಲಿಯಲ್ಲಿ ಈ ಪದ್ಧತಿ ಹಿಂದೆ ಸರಿಯಿತು. ಅದೇ ಕಾಲದಲ್ಲಿ ಇನ್ಸ್‌ಬ್ರುಕ್, ಆಗ್ಸ್‌ಬರ್ಗ್‌ಗಳ ಕುಶಲಿಗಳು ಉಕ್ಕನ್ನು ನೀರಿನಲ್ಲದ್ದಿ ಗಡುಸು ಮಾಡಿ, ಮತ್ತೆ ಹದವಾಗಿ ಕಾಯಿಸಿ ಅದರ ಪೆಡಸುತನವನ್ನು ಕಳೆಯುವ ವಿದ್ಯೆಯಲ್ಲಿ ಪರಿಣತರಾದರು. ಆದರೆ ನ್ಯೂರೆಂಬರ್ಗ್‌ನಿಂದ ಸಗಟಾಗಿ ಹೊರಟ ಕವಚಗಳಲ್ಲಿ ಬಹಳಷ್ಟು ಮೆದು ಲೋಹದವು. ಹೊರರೂಪದ ಶೈಲಿ ಒಂದೇ ಆಗಿದ್ದರೂ ಒಳಗಿನ ಲೋಹದ ಗುಣವು ನಗರಕ್ಕೂ ಬೆಲೆಗೂ ತಕ್ಕಂತೆ ಬೇರೆಯಾಗಿದ್ದಿತು.

೫

ಹೀಗೆ ಎರಡು ಶೈಲಿಗಳ ಅಸ್ತಿತ್ವವು ನಿರ್ವಿವಾದವಾಗಿದೆ. ಆ ಕಾಲದವರಿಗೂ ಇದರ ಅರಿವಿದ್ದಿತು. ನ್ಯೂರೆಂಬರ್ಗ್‌ನ ಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರ್ ೧೪೯೮ರ ತನ್ನ ಸವಾರನ ಚಿತ್ರವೊಂದರ ಮೇಲೆ, ಆ ಕಾಲದಲ್ಲಿ ಜರ್ಮನಿಯಲ್ಲಿ ಕವಚವು ಈ ಬಗೆಯದಾಗಿತ್ತೆಂಬ ಅರ್ಥದ ಟಿಪ್ಪಣಿಯನ್ನು ಬರೆದಿದ್ದಾನೆ. ಆದರೆ ಶೈಲಿಯ ಎಲ್ಲೆಯು ನಾಡಿನ ಎಲ್ಲೆಯೊಡನೆ ಹೊಂದುತ್ತಿತ್ತೇ? ಉಳಿದಿರುವ ವಸ್ತುಗಳನ್ನೇ ಪರಿಶೀಲಿಸೋಣ.

ದಕ್ಷಿಣ ತಿರೋಲಿನ ಶ್ಲುಡೆರ್ನ್ಸ್ ಗ್ರಾಮದ ಮೇಲಿರುವ ಖೂರ್‌ಬರ್ಗ್ ಕೋಟೆಯ ಆಯುಧಾಗಾರವು ಈ ವಿಷಯದಲ್ಲಿ ಬಹಳ ಬೆಲೆಯುಳ್ಳದು. ಮಾಟ್ಷ್ ಮನೆತನದವರೂ ಅವರ ತರುವಾಯ ಟ್ರಾಪ್ ಮನೆತನದವರೂ ಇಲ್ಲಿ ತಮ್ಮ ಪೂರ್ವಿಕರು ತೊಟ್ಟ ಕವಚಗಳನ್ನು ಕಾಪಾಡಿಕೊಂಡು ಬಂದರು. ಈ ಒಡೆಯರು ಜರ್ಮನ್ ಭಾಷೆಯವರು. ಸೇವೆ ಸಲ್ಲಿಸಿದುದು ತಿರೋಲಿನ ಪ್ರಭುಗಳಿಗೆ. ಹೀಗಿದ್ದೂ ಹದಿನಾಲ್ಕನೆಯ ಶತಮಾನದ ಕೊನೆಯಿಂದ ಹದಿನೈದನೆಯ ಶತಮಾನದ ನಡುಗಾಲದವರೆಗಿನ ಇಲ್ಲಿಯ ಪ್ರಸಿದ್ಧ ಕವಚಗಳು ಇಟಲಿಯಲ್ಲಿ ಮಾಡಿದುವು. ಒಂಬತ್ತನೆಯ ಉಲ್ರಿಚ್ ಫಾನ್ ಮಾಟ್ಷ್‌ನ ಕವಚವು ಮಿಸ್ಸಾಲ್ಯ ಕಾರ್ಯಾಗಾರದ್ದು. ಇದೇ ಕೋಟೆಯಿಂದ ಹೊರಹೋಗಿ ಈಗ ಗ್ಲಾಸ್ಗೋ ನಗರದಲ್ಲಿರುವ ಇನ್ನೊಂದು ಮಿಲನ್ ಕವಚದ ಮೇಲೆ, ಸುಮಾರು ೧೪೪೦ರಷ್ಟು ಹಳೆಯದು, 'ಅವಾಂ' ಎಂಬ ಫ್ರೆಂಚ್ ಪದವನ್ನು ಕೊರೆದಿದೆ. 'ಮುಂದೆ' ಎಂದು ಅದರ ಅರ್ಥ. ಮಿಲನ್ನಿನ ಕುಲುಮೆ, ಜರ್ಮನ್ ಭಾಷೆಯ ಒಡೆಯ, ಫ್ರೆಂಚ್ ಉದ್ಘೋಷ! ಇನ್ನು ಆ ಕೋಟೆಯಿರುವ ಪ್ರದೇಶವು ಮೊದಲನೆಯ ಮಹಾಯುದ್ಧದವರೆಗೆ ಆಸ್ಟ್ರಿಯಕ್ಕೆ ಸೇರಿದ್ದು ಈಗ ಇಟಲಿಯಲ್ಲಿದೆ. ಇಂದಿನ ಭೂಪಟವನ್ನು ಮುಂದಿಟ್ಟುಕೊಂಡು ಇಂತಹ ವಸ್ತುಗಳಿಗೆ ರಾಷ್ಟ್ರೀಯತೆಯನ್ನು ಹಂಚುವುದರ ಅಸಾಂಗತ್ಯವು ಇಲ್ಲಿ ಎದ್ದು ಕಾಣುತ್ತದೆ.

ಎರಡನೆಯ ನಿದರ್ಶನ ಇನ್ನೂ ಬೋಧಪ್ರದವಾದುದು. ರೈನ್ ಪ್ರಾಂತದ ಪ್ಯಾಲಟೈನ್ ಎಲೆಕ್ಟರನಾದ ಒಂದನೆಯ ಫ್ರೀಡ್ರಿಕ್‌ನಿಗೆ ೧೪೫೦ರ ಸುಮಾರಿನಲ್ಲಿ ಮಿಲನ್ನಿನ ತೊಮ್ಮಾಸೊ ಮಿಸ್ಸಾಲ್ಯನು ಮಾಡಿಕೊಟ್ಟ ಕವಚವು ವಿಯೆನ್ನಾದಲ್ಲಿದೆ. ಇಟಲಿಯ ಯೋಧರು ಪಾದಗಳಿಗೆ ಸಾಮಾನ್ಯವಾಗಿ ಸರಪಣಿಯ ಹೊದಿಕೆಯನ್ನು ಬಳಸುತ್ತಿದ್ದರು. ಈ ಕವಚಕ್ಕಾದರೋ ಆಲ್ಪ್ಸ್‌ನ ಆಚೆಯ ಅಭಿರುಚಿಗೆ ತಕ್ಕಂತೆ ಉದ್ದವಾದ ಚೂಪು ಪಾದತ್ರಾಣಗಳಿವೆ. ಮಿಲನ್ನಿನ ಕುಶಲಿಯು ಗಿರಾಕಿಯ ನಾಡಿನ ರೂಢಿಯನ್ನು ಚೆನ್ನಾಗಿ ಬಲ್ಲವನಾಗಿದ್ದನು. ಇಟಲಿಯ ದಾಖಲೆಗಳಲ್ಲಿ 'ಜರ್ಮನ್ ರೀತಿಯ', 'ಫ್ರೆಂಚ್ ರೀತಿಯ' ಎಂದು ಸರಕನ್ನು ಹೆಸರಿಸುವ ಪದ್ಧತಿಯೂ ಕಂಡುಬರುತ್ತದೆ. ೧೫೦೦ರ ಆಸುಪಾಸಿನಲ್ಲಿ ಏಣುಗೆರೆಗಳುಳ್ಳ 'ಜರ್ಮನ್ ರೀತಿಯ' ಕವಚಗಳು ಮಿಲನ್ನಿನಲ್ಲಿಯೇ ತಯಾರಾಗುತ್ತಿದ್ದುವು. ಎಂದರೆ, ಶೈಲಿಯ ಹೆಸರು ಆಗಲೇ ಮಾರುಕಟ್ಟೆಯ ಹೆಸರಾಗಿದ್ದಿತು.

ಇದರ ವಿಲೋಮವೂ ಉಂಟು. ಜರ್ಮನ್ ಶೈಲಿಯ ಮುಖ್ಯ ಗುರುತೆಂದು ಎಣಿಸುವ ಸ್ಯಾಲೆಟ್ ಶಿರಸ್ತ್ರಾಣದ ಹೆಸರೂ ಮೂಲರೂಪವೂ ಇಟಲಿಯಿಂದ ಬಂದುವೆಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಜರ್ಮನ್ ಕುಶಲಿಗಳ ಮಹಾಪೋಷಕನೆನಿಸಿದ ಮ್ಯಾಕ್ಸಿಮಿಲಿಯನನೇ ೧೪೯೫ರಲ್ಲಿ ಮಿಲನ್ನಿನ ಗಬ್ರಿಯೆಲೆ ಮತ್ತು ಫ್ರಾಂಚೆಸ್ಕೊ ದಾ ಮೆರಾತೆ ಎಂಬ ಸೋದರರೊಡನೆ ಕರಾರು ಮಾಡಿಕೊಂಡು ಬರ್ಗಂಡಿ ಸೀಮೆಯ ಆರ್ಬ್ವಾ ಪಟ್ಟಣದಲ್ಲಿ ಅವರಿಂದ ಕುಲುಮೆಯನ್ನು ಹೂಡಿಸಿದನು. ಕವಚಗಳು ಮಾತ್ರವಲ್ಲ, ಕುಶಲಿಗಳೂ ಪರ್ವತಗಳನ್ನು ದಾಟುತ್ತಿದ್ದರು. ಫ್ರಾನ್ಸಿನ ಲಿಯೋಂ, ತೂರ್ ನಗರಗಳಲ್ಲಿಯೂ ಇಟಲಿಯ ಕವಚಕಾರರು ನೆಲಸಿದ್ದರು.

ಈ ಸಂಚಾರದ ಹಿಂದಿನ ವ್ಯಾಪಾರಜಾಲವನ್ನು ಪ್ರಾತೊ ನಗರದ ವರ್ತಕ ಫ್ರಾಂಚೆಸ್ಕೊ ದಾತೀನಿಯ ಪತ್ರಸಂಗ್ರಹದಿಂದ ತಿಳಿಯಬಹುದು. ೧೪೧೦ರಲ್ಲಿ ತೀರಿಕೊಂಡ ಈತನು ಬಿಟ್ಟುಹೋದ ಒಂದು ಲಕ್ಷಕ್ಕೂ ಮೀರಿದ ಪತ್ರಗಳು ಇಂದಿಗೂ ಉಳಿದಿವೆ. ಪೋಪರ ಆಸ್ಥಾನವಿದ್ದ ಅವಿನ್ಯೋಂನಲ್ಲಿ ತನ್ನ ಯೌವನವನ್ನು ಕಳೆದ ದಾತೀನಿಯು ಮಿಲನ್ನಿನಿಂದ ಕವಚದ ಭಾಗಗಳನ್ನು ತರಿಸಿ ಮಾರುತ್ತಿದ್ದನು. ಕೊಳ್ಳುವವನು ಯಾವ ಪಕ್ಷದವನು, ಯಾವ ಭಾಷೆಯವನು ಎಂಬುದು ವರ್ತಕನಿಗೆ ಮುಖ್ಯವಾಗಿರಲಿಲ್ಲ.

೬

ಮೇಲಿನ ನಿದರ್ಶನಗಳೆಲ್ಲ ಇಂದಿಗೂ ಉಳಿದಿರುವ ವಸ್ತುಗಳನ್ನು ಆಧರಿಸಿದುವು. ಇಲ್ಲಿಯೇ ಒಂದು ಎಚ್ಚರಿಕೆ ಅವಶ್ಯ. ಉಳಿದಿರುವುದು ಇದ್ದುದರ ಪ್ರತಿನಿಧಿಯೆಂದು ಭಾವಿಸುವಂತಿಲ್ಲ. ಹಳೆಯ ಕವಚವು ಒಳ್ಳೆಯ ಉಕ್ಕಾದುದರಿಂದ ಅದನ್ನು ಕತ್ತರಿಸಿ, ಕರಗಿಸಿ, ತಿದ್ದಿ ಮತ್ತೆ ಬಳಸುವುದು ಸಹಜವಾಗಿದ್ದಿತು. ಅದು ಉಳಿಯಬೇಕಾದರೆ ಯಾರಾದರೂ ಉಳಿಸಲು ಬಯಸಿರಬೇಕು.

ಹದಿನಾರನೆಯ ಶತಮಾನದಲ್ಲಿ ತಿರೋಲಿನ ಆರ್ಚ್‌ಡ್ಯೂಕ್ ಎರಡನೆಯ ಫರ್ಡಿನಂಡನು ಪ್ರಸಿದ್ಧ ವೀರರ ಕವಚಗಳನ್ನು ಆಂಬ್ರಾಸ್ ಅರಮನೆಯಲ್ಲಿ ಸಂಗ್ರಹಿಸಿದನು. ವಿಯೆನ್ನಾದ ಇಂದಿನ ಭಂಡಾರಕ್ಕೆ ಈ ಸಂಗ್ರಹವು ಒಂದು ಮೂಲ.‌ ವೆನಿಸ್ಸಿನ ಸೇನಾನಿ ರೊಬೆರ್ತೊ ದಾ ಸಾನ್ಸೆವೆರಿನೊ ೧೪೮೭ರಲ್ಲಿ ಕಲ್ಲ್ಯಾನೊ ಕದನದಲ್ಲಿ ತಿರೋಲಿನವರೊಡನೆ ಕಾದಿ ಮಡಿದವನು; ಅವನ ಇಟಲಿಯ ಕವಚವು ಉಳಿದುದು ಈ ಶತ್ರುರಾಜ್ಯದ ಸಂಗ್ರಹದಲ್ಲಿ. ಮಾಂತುವಾ ನಗರದ ಸಮೀಪದ ಸಾಂತ ಮರಿಯ ದೆಲ್ಲೆ ಗ್ರಾತ್ಸಿಯೆ ಎಂಬ ಪುಣ್ಯಕ್ಷೇತ್ರದಲ್ಲಿ ಹರಕೆಯ ಬೊಂಬೆಗಳಿಗೆ ತೊಡಿಸಿದ್ದ ಕವಚಗಳು ಬಣ್ಣ ಬಳಿಸಿಕೊಂಡು ಶತಮಾನಗಳ ಕಾಲ ಯಾರ ಗಮನಕ್ಕೂ ಬಾರದೆ ನಿಂತಿದ್ದುವು. ಇವು ಹದಿನೈದನೆಯ ಶತಮಾನದ ನಿಜವಾದ ಕವಚಗಳೆಂಬುದನ್ನು ಇಂಗ್ಲೆಂಡಿನ ಜೇಮ್ಸ್ ಮ್ಯಾನ್ ೧೯೨೦ರ ದಶಕದಲ್ಲಿ ಗುರುತಿಸಿ, ೧೯೩೦ರಲ್ಲಿ ವಿದ್ವತ್‌ಪ್ರಬಂಧವಾಗಿ ಪ್ರಕಟಿಸಿದನು. ಖೂರ್‌ಬರ್ಗ್‌ನ ಕುಲಾಭಿಮಾನ, ಆಂಬ್ರಾಸ್‌ನ ಸಂಗ್ರಹಾಸಕ್ತಿ, ಗ್ರಾತ್ಸಿಯೆಯ ಭಕ್ತಿ: ಹದಿನೈದನೆಯ ಶತಮಾನದ ಕವಚಗಳ ಬಗೆಗೆ ನಮಗಿರುವ ತಿಳಿವಳಿಕೆಯ ಬಹುಭಾಗವು ಇಂತಹ ಕೆಲವೇ ಆಕಸ್ಮಿಕಗಳಿಗೆ ಋಣಿಯಾಗಿದೆ. ಇವೆಲ್ಲ ಇರುವುದು ಆಲ್ಪ್ಸ್‌ನ ಎರಡು ಮಗ್ಗುಲುಗಳಲ್ಲಿ ಎಂಬುದನ್ನು ಗಮನಿಸಬೇಕು.

ಇಂಗ್ಲೆಂಡ್ ಮತ್ತು ಫ್ರಾನ್ಸ್‌ಗಳ ಸ್ಥಿತಿ ಬೇರೆ. ಕ್ರೆಸಿಯಿಂದ ಆಜಿನ್‌ಕೂರಿನವರೆಗೆ, ೧೩೪೬ರಿಂದ ೧೪೧೫ರವರೆಗೆ, ಮಹಾಯುದ್ಧಗಳನ್ನು ನಡೆಸಿದ ಈ ನಾಡುಗಳಲ್ಲಿ ತಯಾರಾದ ಪೂರ್ಣ ಕವಚಗಳು ಹದಿನೈದನೆಯ ಶತಮಾನದಿಂದ ಉಳಿದು ಬಂದಿಲ್ಲವೆಂದೇ ಹೇಳಬಹುದು. ಹಾಗೆಂದು ಅಲ್ಲಿ ಕವಚಕಾರರಿರಲಿಲ್ಲವೆಂದು ಊಹಿಸಲಾಗದು. ಲಂಡನ್ನಿನ ಶಿರಸ್ತ್ರಾಣಕಾರರ ನಿಯಮಾವಳಿ ೧೩೪೭ರಷ್ಟು ಹಳೆಯದು. ಅಲ್ಲಿಯ ಕವಚಕಾರರ ಶ್ರೇಣಿಗೆ ೧೪೫೩ರಲ್ಲಿ ರಾಜಶಾಸನವೇ ದೊರೆಯಿತು. ಅವರ ಕೈಕೆಲಸದ ರೂಪವನ್ನು ಈಗ ಸಮಾಧಿಗಳ ಮೇಲಿನ ಶಿಲಾಪ್ರತಿಮೆಗಳಿಂದಲೂ ಹಿತ್ತಾಳೆಯ ರೇಖಾಚಿತ್ರಗಳಿಂದಲೂ ಊಹಿಸಿಕೊಳ್ಳಬೇಕಾಗಿದೆ. ಇವುಗಳಲ್ಲಿ ಎಡಬಲಗಳು ಬಹುಮಟ್ಟಿಗೆ ಸಮಾನ. ನಡುವಿನಿಂದ ಕೆಳಗೆ ಇಳಿಯುವ ಬಳೆಪಟ್ಟಿಗಳ ಸಾಲು ಉದ್ದ. ಇಂಗ್ಲಿಷ್ ಯೋಧರು ಕುದುರೆಯಿಂದಿಳಿದು ನೆಲದ ಮೇಲೆ ಕಾದುತ್ತಿದ್ದುದರಿಂದ ಎಡಬದಿಗೆ ವಿಶೇಷ ರಕ್ಷಣೆ ಬೇಕಾಗಲಿಲ್ಲವೆಂಬ ವಿವರಣೆ ಸಯುಕ್ತಿಕವಾಗಿಯೇ ತೋರುತ್ತದೆ.

ಆದರೆ ಈ ಆಧಾರಕ್ಕೂ ತನ್ನದೇ ಆದ ತೊಡಕುಂಟು. ೧೪೩೯ರಲ್ಲಿ ತೀರಿಕೊಂಡ ವಾರಿಕ್‌ನ ಅರ್ಲ್ ರಿಚರ್ಡ್ ಬೋಷಾಂನ ಸಮಾಧಿಯ ಮೇಲೆ, ಚಿನ್ನದ ಮುಲಾಮಿನ ಲೋಹಪ್ರತಿಮೆಯನ್ನು ಸುಮಾರು ೧೪೫೦ರಲ್ಲಿ ಲಂಡನ್ನಿನ ವಿಲಿಯಂ ಆಸ್ಟೆನ್ ಎರಕ ಹೊಯ್ದನು. ಪ್ರತಿಮೆಯ ಬೆನ್ನಿನ ಕಡೆಯ ಪಟ್ಟಿ ಕೀಲುಗಳನ್ನು ಕೂಡ ಬಿಡದೆ ತೋರಿಸಿರುವ ಈ ಕೃತಿಯಲ್ಲಿ ಕಾಣುವುದು ಅಚ್ಚ ಮಿಲನ್ ಶೈಲಿಯ ಕವಚ. ಶಿಲ್ಪಿಯ ಮುಂದೆ ನಿಜವಾದ ಮಿಲನ್ ಕವಚವೊಂದು ಇದ್ದಿರಲೇಬೇಕು. ಇಂಗ್ಲಿಷ್ ಪ್ರಭುವಿನ ಪ್ರತಿಮೆಯೆಂಬ ಒಂದೇ ಕಾರಣದಿಂದ ಇದನ್ನು ಇಂಗ್ಲಿಷ್ ಶೈಲಿಗೆ ಸಾಕ್ಷಿಯಾಗಿ ಹಿಡಿದರೆ ಅನರ್ಥವಾಗುತ್ತದೆ. ನೆಲದ ಮೇಲೆ ಕಾದುವ ಪದ್ಧತಿಯೊಂದೇ ಕವಚದ ರೂಪವನ್ನು ನಿರ್ಣಯಿಸುತ್ತಿತ್ತೆಂಬ ಮಾತೂ ಇದರಿಂದ ಸಡಿಲವಾಗುತ್ತದೆ. ಶ್ರೀಮಂತನು ತನ್ನ ಮಾನಕ್ಕೆ ಒಪ್ಪುವ ಆಮದು ಸರಕನ್ನು ಬಯಸುತ್ತಿದ್ದನು.

೭

ಇಟಲಿಯ ಕವಚದ ದುಂಡು ನುಣುಪುಗಳಲ್ಲಿ ನವೋದಯದ ಪ್ರಸನ್ನತೆಯನ್ನೂ, ಜರ್ಮನಿಯ ಕವಚದ ಮೊನೆ ಏಣುಗಳಲ್ಲಿ ಗಾಥಿಕ್ ದೇವಾಲಯದ ಊರ್ಧ್ವಮುಖ ಚೇತನವನ್ನೂ ಕಂಡು, ಅವುಗಳಿಂದ ಆಯಾ ಜನಾಂಗದ ಪ್ರಕೃತಿಯನ್ನೇ ಹೇಳಹೊರಡುವ ರೂಢಿಯೊಂದುಂಟು. ಕವಚಕ್ಕೆ 'ಗಾಥಿಕ್' ಎಂಬ ಹೆಸರೇ ಹತ್ತೊಂಬತ್ತನೆಯ ಶತಮಾನದವರು ಇಟ್ಟುದು. ಹೆಲ್ಮ್‌ಶ್ಮಿಡ್‌ನಿಗೆ ಅದು ತಿಳಿಯದು. ಇಂತಹ ಹೋಲಿಕೆಗಳು ಕಣ್ಣಿಗೆ ಹಿತವಾಗಿದ್ದರೂ ಪ್ರಮಾಣವಾಗಲಾರವು. ಗಿರಾಕಿಯು ಕೇಳಿದರೆ ಏಣುಗೆರೆಯ ಕವಚವನ್ನೂ ಮಾಡಿಕೊಡುತ್ತಿದ್ದ ಮಿಲನ್ನಿನ ಕುಶಲಿಯ ಜನಾಂಗ ಪ್ರಕೃತಿ ಯಾವುದು?

ಮುಂದಿನ ಇತಿಹಾಸವು ಈ ಮಾತನ್ನು ಪುಷ್ಟೀಕರಿಸುತ್ತದೆ. ೧೫೦೦ರಿಂದ ೧೫೩೦ರವರೆಗೆ ಜರ್ಮನ್ ನಾಡುಗಳಲ್ಲಿ ಪ್ರಚಾರದಲ್ಲಿದ್ದ, ಈಗ ಮ್ಯಾಕ್ಸಿಮಿಲಿಯನನ ಹೆಸರಿನಿಂದ ಕರೆಯುವ ಕವಚದಲ್ಲಿ ಇಟಲಿಯ ದುಂಡಾದ ಆಕಾರವೂ ಜರ್ಮನಿಯ ಏಣುಗೆರೆಗಳೂ ಬೆರೆತಿವೆ. ಇಂಗ್ಲೆಂಡಿನ ಎಂಟನೆಯ ಹೆನ್ರಿಯು ೧೫೧೧ರಲ್ಲಿ ಮಿಲನ್ನಿನ ಕವಚಕಾರರನ್ನು ಗ್ರೀನಿಚ್‌ಗೆ ಕರೆಯಿಸಿಕೊಂಡನು. ೧೫೧೫ರ ವೇಳೆಗೆ ಅಲ್ಲಿ ಜರ್ಮನ್ ಕವಚಕಾರರ ತಂಡವೊಂದು ನೆಲಸಿತು. ಮುಂದೆ 'ಗ್ರೀನಿಚ್ ಶೈಲಿ' ಎಂದು ಪ್ರಸಿದ್ಧವಾಗಿ, ಇಂಗ್ಲೆಂಡಿನ ವಿಶಿಷ್ಟ ಶೈಲಿಯೆನಿಸಿಕೊಂಡುದು ಬಹುಮಟ್ಟಿಗೆ ಈ ವಲಸೆಗಾರರ ಕೈಯಲ್ಲಿ ಬೆಳೆದುದು.

ಇದರಿಂದ ಪ್ರಾದೇಶಿಕ ಶೈಲಿಗಳೆಂಬುವೇ ಇರಲಿಲ್ಲವೆಂದು ತೀರ್ಮಾನಿಸಬೇಕಾಗಿಲ್ಲ. ಅವು ಇದ್ದುವು, ಅವುಗಳಿಗೆ ಕಾರಣಗಳೂ ಇದ್ದುವು. ಸಮೀಪದ ಅದಿರು ಮತ್ತು ನೀರು, ಗುರುವಿನಿಂದ ಶಿಷ್ಯನಿಗೆ ಬಂದ ಕೈಚಳಕ, ನಗರದ ನಿಯಮಗಳು, ಸ್ಥಳೀಯ ಯುದ್ಧಪದ್ಧತಿ, ಉಡುಪಿನ ಅಭಿರುಚಿ ಇವೆಲ್ಲ ಕೂಡಿ ಒಂದೊಂದು ಕೇಂದ್ರದ ಕೆಲಸಕ್ಕೆ ಒಂದೊಂದು ಮುಖಚ್ಛಾಯೆಯನ್ನು ಕೊಟ್ಟುವು. ಆದರೆ 'ಜರ್ಮನಿಯ ಕವಚ' ಎಂಬ ಒಂದು ಮಾತು ಮೂರು ಬೇರೆ ಬೇರೆ ಅರ್ಥಗಳನ್ನು ಹೊತ್ತಿದೆ: ಜರ್ಮನಿಯಲ್ಲಿ ಮಾಡಿದುದು, ಜರ್ಮನಿಯ ರುಚಿಗೆ ತಕ್ಕಂತೆ ಮಾಡಿದುದು, ಜರ್ಮನಿಯವನು ತೊಟ್ಟುದು. ಮೊದಲನೆಯದನ್ನು ನಿರ್ಣಯಿಸಲು ಮುದ್ರೆಗಳೂ ಲೋಹಪರೀಕ್ಷೆಯೂ ಬೇಕು. ಎರಡನೆಯದಕ್ಕೆ ರೂಪಗಳ ಹೋಲಿಕೆ. ಮೂರನೆಯದಕ್ಕೆ ದಾಖಲೆ, ಚಿತ್ರ, ಸಮಾಧಿಶಿಲ್ಪಗಳು. ಫ್ರೀಡ್ರಿಕ್‌ನ ಕವಚದಲ್ಲಿ ಈ ಮೂರೂ ಒಂದೇ ಉತ್ತರವನ್ನು ಕೊಡುವುದಿಲ್ಲ. ಕೊಡಬೇಕೆಂಬ ನಿಯಮವೂ ಇಲ್ಲ. ವಸ್ತುಸಂಗ್ರಹಾಲಯದ ಚೀಟಿಯ ಮೇಲೆಯೋ ಪಠ್ಯಗ್ರಂಥದ ಚಿತ್ರದ ಕೆಳಗೆಯೋ ನಾಡಿನ ಹೆಸರೊಂದನ್ನು ಕಂಡಾಗ, ಅದು ಕುಲುಮೆಯ ಹೆಸರೇ, ರುಚಿಯ ಹೆಸರೇ, ಒಡೆಯನ ಹೆಸರೇ ಎಂದು ಕೇಳಿಕೊಳ್ಳುವ ವಿದ್ಯಾರ್ಥಿಯು ಆ ಉಕ್ಕಿನಿಂದ ಹೆಚ್ಚಿನ ಇತಿಹಾಸವನ್ನು ತಿಳಿಯಬಲ್ಲನು.